ನ್ಯೂಕಾಸಲ್‌ನಲ್ಲಿ ಅಪ್ಪ ಅತ್ತದ್ದು

ನಮ್ಮ ಬೀದಿಯಲ್ಲಿ ಹೊಟ್ಟೆಕಿಚ್ಚಿಗೂ ಒಂದು ಶಿಸ್ತಿದೆ. ಅರಮನೆಯಲ್ಲಿರುವವರ ಮೇಲೆ, ಲಾಟರಿ ಹೊಡೆದವರ ಮೇಲೆ, ಸ್ಪೇನಿನ ಕಡಲ ದಂಡೆಯಲ್ಲಿ ಮನೆ ಕೊಂಡವರ ಮೇಲೆ ನಾವು ಯಾರೂ ಕರುಬುವುದಿಲ್ಲ. ಅಷ್ಟು ದೂರಕ್ಕೆ ಉರಿ ಸಾಗಿಸುವುದು ದಂಡ. ನಮ್ಮವು ಒಂದೇ ಗೋಡೆ ಹಂಚಿಕೊಂಡ ಸಾಲುಮನೆಗಳು. ಆ ಗೋಡೆಯ ಆಚೆ ಇರುವವನ ಮೇಲೆ ಮಾತ್ರ ಕರುಬಬೇಕು, ಅದೂ ದಿನವೂ, ತಪ್ಪದೆ. ಈ ವಿಷಯದಲ್ಲಿ ನನ್ನ ಅಪ್ಪ ವಿಲ್ಫ್ ಹಾಲ್ಡನ್ ಬಹಳ ನಿಯಮದ ಮನುಷ್ಯ. ಗೋಡೆಯ ಆಚೆ ಇದ್ದವನು ಕ್ಲೈವ್ ರೆನ್ಶಾ.

ಕ್ಲೈವ್ ನಾಲ್ಕು ವರ್ಷದ ಹಿಂದೆ ದಕ್ಷಿಣದಿಂದ ಹಾರ್ಬೆಕ್‌ಗೆ ಬಂದವನು. ಬಂದ ಮೊದಲ ಶನಿವಾರ ನಮ್ಮೂರ ಫುಟ್‌ಬಾಲ್ ತಂಡದ ಕಡುಗೆಂಪು ಸ್ಕಾರ್ಫ್ ಕೊಂಡ. ಎರಡನೇ ಶನಿವಾರ ಮೈದಾನದಲ್ಲಿ ಗೋಲಿನ ಹಿಂದೆ, ನಿಂತು ನೋಡುವವರ ಮೂರನೇ ಮೆಟ್ಟಿಲಿನ ಮೇಲೆ, ಕಬ್ಬಿಣದ ಕಂಬಿ ಹಿಡಿದು ಅಪ್ಪ ನಿಲ್ಲುವ ಜಾಗದ ಪಕ್ಕದಲ್ಲೇ ಬಂದು ನಿಂತ. ಮೂರನೇ ಶನಿವಾರ ತಂಡ ಯಾಕೆ ಸೋತಿತೆಂದು ಅಪ್ಪನಿಗೆ ವಿವರಿಸಿದ. ಅಪ್ಪ ಅದನ್ನು ಇವತ್ತಿಗೂ ಕ್ಷಮಿಸಿಲ್ಲ, ಏಕೆಂದರೆ ಕ್ಲೈವ್ ಹೇಳಿದ್ದು ಸರಿಯಾಗಿತ್ತು.

ಹಾರ್ಬೆಕ್ ಟೌನ್ ನಾಲ್ಕನೇ ದರ್ಜೆಯ ತಂಡ. ಗೆಲ್ಲುವುದು ಅದರ ಸ್ವಭಾವದಲ್ಲಿಲ್ಲ. ಆದರೆ ಆ ವರ್ಷ ಕಪ್ ಪಂದ್ಯಾವಳಿಯಲ್ಲಿ ಹೇಗೋ ಎರಡು ಸುತ್ತು ದಾಟಿ, ಮೂರನೇ ಸುತ್ತಿನಲ್ಲಿ ಎದುರಾಳಿ ಯಾರೆಂದು ಚೀಟಿ ಎತ್ತಿದಾಗ, ನ್ಯೂಕಾಸಲ್‌ನ ದೊಡ್ಡ ತಂಡದ ವಿರುದ್ಧ ಅವರ ಅಂಗಳದಲ್ಲೇ ಆಡಬೇಕೆಂದು ಬಂತು. ಜನವರಿಯ ಮೊದಲ ಶನಿವಾರ. ಟಿವಿಯಲ್ಲಿ ಹೆಸರು ಓದಿದ ಕೂಡಲೇ ಗೋಡೆಯ ಆಚೆ ಕ್ಲೈವ್ ಕುಣಿದದ್ದು ನಮ್ಮ ಮನೆಯ ತಟ್ಟೆಗಳಿಗೂ ಕೇಳಿಸಿತು. ಅಪ್ಪ ಎದ್ದು ಗಡಿಯಾರ ನೋಡಿ, ಟಿಕೆಟ್ ಕಿಟಕಿ ನಾಳೆ ಒಂಬತ್ತಕ್ಕೆ ತೆರೆಯುತ್ತದೆಂದೂ ತಾನು ಏಳಕ್ಕೇ ನಿಲ್ಲುವುದಾಗಿಯೂ ಘೋಷಿಸಿ ಮಲಗಲು ಹೋದ.

ಇಲ್ಲಿ ಒಂದು ಹಳೆಯ ವಿಷಯ ಹೇಳಬೇಕು. ಆರು ವರ್ಷದ ಹಿಂದೆ ನಮ್ಮ ಕ್ಲಬ್ಬು ಅಭಿಮಾನಿಗಳಿಗೆ ಒಂದು ಕಾರ್ಡು ತಂದಿತು. ಪಂದ್ಯಕ್ಕೆ ಬಂದಾಗಲೆಲ್ಲ ಗೇಟಿನಲ್ಲಿ ಅದನ್ನು ತೋರಿಸಿದರೆ ಒಂದು ನಿಷ್ಠೆಯ ಅಂಕ ಸೇರುತ್ತದೆ. ಹೊರ ಊರಿನ ದೊಡ್ಡ ಪಂದ್ಯಕ್ಕೆ ಟಿಕೆಟ್ ಕಡಿಮೆಯಿದ್ದರೆ ಅಂಕ ಹೆಚ್ಚಿದ್ದವರಿಗೆ ಮೊದಲು. ಅಪ್ಪ ಆಗ ಪಬ್ಬಿನಲ್ಲಿ ಎದ್ದು ನಿಂತು, ನನ್ನ ನಿಷ್ಠೆಗೆ ಪ್ಲಾಸ್ಟಿಕ್ ಸಾಕ್ಷಿ ಬೇಕಾಗಿಲ್ಲ ಎಂದು ಭಾಷಣ ಮಾಡಿದ್ದ. ಜನ ಚಪ್ಪಾಳೆ ತಟ್ಟಿದ್ದರು. ತಟ್ಟಿದವರೆಲ್ಲ ಮಾರನೇ ದಿನ ಹೋಗಿ ಕಾರ್ಡು ಮಾಡಿಸಿಕೊಂಡರು. ಅಪ್ಪ ಮಾತ್ರ ಚಿಲ್ಲರೆ ತೆಗೆದುಕೊಳ್ಳುವ ಕೊನೆಯ ಗೇಟಿನಲ್ಲಿ ನಾಣ್ಯ ಕೊಟ್ಟು ಒಳಗೆ ಹೋಗುತ್ತ ಇಪ್ಪತ್ತೇಳನೇ ವರ್ಷ ಮುಟ್ಟಿದ್ದ.

ಟಿಕೆಟ್ ಕಿಟಕಿಯ ಹುಡುಗಿ ಅಪ್ಪನ ಹೆಸರು ಒತ್ತಿದಳು, ಮತ್ತೆ ಒತ್ತಿದಳು, ಕೊನೆಗೆ ಪರದೆಯನ್ನೇ ಅಪ್ಪನ ಕಡೆ ತಿರುಗಿಸಿದಳು. ಅಲ್ಲಿ ಒಂದು ಸೊನ್ನೆ ಇತ್ತು.

"ನಾನು ಇಷ್ಟುದ್ದ ಇದ್ದಾಗ ಇಲ್ಲಿ ಮ್ಯಾಚಲ್ಲಿ ನನಗೆ ಮಾಂಸದ ಪೈ ಕೊಡಿಸಿದ್ದೀರಿ, ಮಿಸ್ಟರ್ ಹಾಲ್ಡನ್," ಎಂದಳು ಅವಳು. "ನನಗೆ ಗೊತ್ತು ನೀವು ಪ್ರತಿ ಸಲ ಬರ್ತೀರಿ ಅಂತ. ಆದ್ರೆ ಕಂಪ್ಯೂಟರ್‌ಗೆ ನಾನು ಪೈ ತಿಂದಿದ್ದು ಗೊತ್ತಿಲ್ವಲ್ಲ."

ಬಂದದ್ದು ಸಾವಿರದ ಎಂಟುನೂರು ಟಿಕೆಟ್. ಸಾಲಿನಲ್ಲಿ ಅಪ್ಪನ ಹಿಂದೆಯೇ ನಿಂತಿದ್ದ ಕ್ಲೈವ್‌ನ ಖಾತೆಯಲ್ಲಿ ತೊಂಬತ್ತೆಂಟು ಅಂಕಗಳು, ಊರಿಗೇ ಮೂರನೆಯವನು. ಆಗುವ ಹಾಗಿದ್ದರೆ ನನ್ನ ಅಂಕಗಳಲ್ಲಿ ಅರ್ಧ ನಿನಗೇ ದಾನ ಮಾಡುತ್ತಿದ್ದೆ ವಿಲ್ಫ್ ಎಂದು ಅವನು ಅಪ್ಪನ ಭುಜ ತಟ್ಟಿದ. ಆಗುವುದಿಲ್ಲವೆಂದು ಮೊದಲೇ ಕೇಳಿ ತಿಳಿದುಕೊಂಡಿದ್ದ.

ಅಪ್ಪ ವಾಪಸ್ ಬರುವಾಗ ಎದುರು ಮನೆಯ ಮಿಸೆಸ್ ಥ್ರೆಲ್ಫಾಲ್ ಮೆಟ್ಟಿಲು ಉಜ್ಜುತ್ತಿದ್ದಳು. ಟಿಕೆಟ್ ಸಿಕ್ಕಿತಾ ಎಂದು ಕೇಳಿದಳು. ಸಿಕ್ಕಲಿಲ್ಲ ಎಂಬ ಒಂದು ಪದ ಹೇಳಿ ಮನೆಯೊಳಗೆ ಬಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಕ್ಲೈವ್ ಟಿಕೆಟನ್ನು ಬೀಸಣಿಗೆಯ ಹಾಗೆ ಆಡಿಸುತ್ತ ಬೀದಿ ತಿರುವಿನಲ್ಲಿ ಕಾಣಿಸಿಕೊಂಡ.

"ಬಸ್ಸಲ್ಲಿ ಕುರಿಹಿಂಡಿನ ಥರ ಹೋಗಿ ಅವತ್ತೇ ಬರೋದೂ ಒಂದು ಪ್ರವಾಸಾನಾ?" ಎಂದ ಅಪ್ಪ, ತಿರುವಿಗೂ ಕೇಳುವಷ್ಟು ಗಟ್ಟಿಯಾಗಿ. "ನಾವು ವೀಕೆಂಡ್ ಮಾಡ್ತಿದೀವಿ. ಶುಕ್ರವಾರದಿಂದ ಭಾನುವಾರದವರೆಗೆ. ಹೋಟೆಲ್ಲು, ನದಿ ಕಡೆ ಕಿಟಕಿ, ಬೆಳಗಿನ ತಿಂಡಿ ಅವರದ್ದೇ."

ಅಮ್ಮನಿಗೆ ಈ ಸುದ್ದಿ ಮಿಸೆಸ್ ಥ್ರೆಲ್ಫಾಲ್ ಮೂಲಕ ತಲುಪಿತು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅಮ್ಮನನ್ನು ಅಪ್ಪ ಹತ್ತಿರದ ಕಡಲೂರು ಬ್ಲ್ಯಾಕ್‌ಪೂಲ್ ದಾಟಿ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಅವಳು ಒಂದು ಪ್ರಶ್ನೆಯನ್ನೂ ಕೇಳದೆ ಸಂಜೆಯೊಳಗೆ ಹೋಟೆಲ್ ಕಾದಿರಿಸಿ, ಹೊಸ ಕೋಟು ಕೊಂಡು, ಅದರ ಬೆಲೆಚೀಟಿ ಕತ್ತರಿಸಿಬಿಟ್ಟಳು. ಚೀಟಿ ಕತ್ತರಿಸಿದ ಕೋಟನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಅಪ್ಪನಿಗೆ ಹಿಂದೆ ಸರಿಯಲು ದಾರಿ ಉಳಿಯಲಿಲ್ಲ.

ಪಂದ್ಯದ ಟಿಕೆಟ್ಟಿನ ವಿಷಯವನ್ನೂ ಅಮ್ಮನೇ ಬಗೆಹರಿಸಿದಳು. ನ್ಯೂಕಾಸಲ್‌ನಲ್ಲಿ ಅವಳ ಚಿಕ್ಕಪ್ಪನ ಮಗಳು ಗ್ಲೆನಿಸ್ ಇದ್ದಾಳೆ. ಗ್ಲೆನಿಸಳ ಗಂಡ ಆಲ್ಬಿ ಹಡಗುಕಟ್ಟೆಯಲ್ಲಿ ಕ್ರೇನ್ ಓಡಿಸಿ ನಿವೃತ್ತನಾದವನು. ದೊಡ್ಡ ತಂಡದ ಕ್ರೀಡಾಂಗಣದಲ್ಲಿ ಅವನ ಮನೆತನಕ್ಕೆ ಅಜ್ಜನ ಕಾಲದಿಂದ ಬಂದ ಮೂರು ಸೀಟುಗಳಿವೆ. ಗಂಡುಮಕ್ಕಳಿಬ್ಬರೂ ಆ ವಾರ ಬಿಸಿಲು ಹುಡುಕಿಕೊಂಡು ಎಲ್ಲಿಗೋ ಹೋಗುವವರಿದ್ದರು. ಎರಡು ಸೀಟು ಖಾಲಿ. ಅಮ್ಮನಿಗೂ ಗ್ಲೆನಿಸಳಿಗೂ ಜನವರಿಯ ರಿಯಾಯಿತಿ ಮಾರಾಟ ನೋಡುವುದಿತ್ತು. ಹಾಗಾಗಿ ಎರಡನೇ ಸೀಟು ನನ್ನ ಪಾಲಿಗೆ ಬಂತು. ನಾನು ಮಾತಾಡುವುದು ಕಡಿಮೆ ಎಂಬುದೇ ನನ್ನ ಅರ್ಹತೆ.

ಅದು ಯಾಕೆ ಅರ್ಹತೆ ಎಂದು ಶುಕ್ರವಾರ ಸಂಜೆ ಆಲ್ಬಿ ಹೋಟೆಲಿಗೆ ಬಂದಾಗ ತಿಳಿಯಿತು. ಅಷ್ಟು ಹೊತ್ತಿಗೆ ಅಪ್ಪ ಕಿಟಕಿಯಲ್ಲಿ ಅರ್ಧ ಹೊರಗಿದ್ದ. ಸೊಂಟದವರೆಗೆ ಬಾಗಿ ಎಡಕ್ಕೆ ಕತ್ತು ತಿರುಗಿಸಿದರೆ ಎರಡು ಗೋಡೆಗಳ ನಡುವೆ ಅಂಗೈ ಅಗಲ ನದಿ ಕಾಣುತ್ತಿತ್ತು. ಆ ಅಂಗೈ ಅಗಲದ ಫೋಟೋ ತೆಗೆದು ಕ್ಲೈವ್‌ಗೆ ಕಳಿಸಬೇಕಿತ್ತು. ಅಪ್ಪನ ಬೆಲ್ಟ್ ಹಿಡಿದು ನಾನು ನಿಂತಿದ್ದೆ. ಕೆಳಗೆ ಬೀದಿಯಲ್ಲಿ ತೋಳಿಲ್ಲದ ಅಂಗಿ ತೊಟ್ಟ ಹುಡುಗಿಯರು ಆ ಕೊರೆಯುವ ಗಾಳಿಯಲ್ಲಿ ನಗುತ್ತ ಹೋಗುತ್ತಿದ್ದರು. ಮೇಲೆ ಎರಡು ಬನಿಯನ್ನಿನ ಮೇಲೆ ಸ್ವೆಟರ್ ಹಾಕಿದ ಅಪ್ಪನ ಹಲ್ಲು ಕಟಕಟ ಅನ್ನುತ್ತಿತ್ತು. ಫೋಟೋ ಹೋಯಿತು. ಎರಡು ನಿಮಿಷದಲ್ಲಿ ಕ್ಲೈವ್‌ನಿಂದ ಉತ್ತರ ಬಂತು: ಅವನ ಟಿಕೆಟ್ಟಿನ ಫೋಟೋ, ಮೊದಲ ಸಾಲು. ಅಪ್ಪ ಆ ರಾತ್ರಿ ಊಟದಲ್ಲಿ ಬಟಾಣಿಯನ್ನು ಒಂದೊಂದಾಗಿ ಚುಚ್ಚಿ ತಿಂದ.

ಆಲ್ಬಿ ಅಪ್ಪನ ಕೊರಳಿಗೆ ತನ್ನ ತಂಡದ ಕಪ್ಪು ಬಿಳಿ ಪಟ್ಟೆಯ ಸ್ಕಾರ್ಫ್ ಸುತ್ತಿ ನಿಯಮ ಹೇಳಿದ. "ನೋಡು ವಿಲ್ಫ್, ನಮ್ಮ ಕಡೆ ಸೀಟಲ್ಲಿ ಎದುರಾಳಿಯವರನ್ನ ಕೂರಿಸಿದ್ದು ಗೊತ್ತಾದ್ರೆ ಮೂರೂ ಸೀಟು ಹೋಗ್ತವೆ ಮಾರಾಯಾ. ಅಜ್ಜ ಗೋರಿಯಿಂದ ಎದ್ದು ಬರ್ತಾನೆ. ನಿಮ್ಮೋರು ಗೋಲ್ ಹೊಡೆದ್ರೆ ನಿನಗೆ ತಾಯಿ ಸತ್ತಷ್ಟು ದುಃಖ ಆಗ್ಬೇಕು."

ತನ್ನ ತಾಯಿ ಸತ್ತು ಹನ್ನೊಂದು ವರ್ಷವಾಯಿತು ಎಂದ ಅಪ್ಪ.

"ಇನ್ನೊಂದ್ಸಲ ಸತ್ತಳು ಅನ್ಕೋ."

ಅಪ್ಪ ಮಾತು ಕೊಟ್ಟ. ಹೇಗಿದ್ದರೂ ಹಾರ್ಬೆಕ್ ಗೋಲ್ ಹೊಡೆಯುವುದಿಲ್ಲವೆಂಬ ಧೈರ್ಯ ಇಬ್ಬರಿಗೂ ಇತ್ತು.

ಶನಿವಾರ ಐವತ್ತು ಸಾವಿರ ಜನರ ನಡುವೆ ಕುಳಿತೆವು. ನಮ್ಮೂರಿನವರು ಎದುರಿನ ಮೂಲೆಯಲ್ಲಿ, ಆಕಾಶಕ್ಕೆ ಹತ್ತಿರವಾಗಿ, ಕಡುಗೆಂಪು ತೇಪೆಯಂತೆ ಕಾಣುತ್ತಿದ್ದರು. ಅಪ್ಪ ಆಲ್ಬಿಯ ದುರ್ಬೀನು ಇಸಿದುಕೊಂಡು ಕಣ್ಣಿಗೆ ಇಟ್ಟವನು ಮೊದಲರ್ಧ ಮುಗಿಯುವವರೆಗೆ ಕೆಳಗಿಳಿಸಲಿಲ್ಲ. ಆಟದ ಅಂಗಳದ ಕಡೆ ಅದು ಒಮ್ಮೆಯೂ ತಿರುಗಲಿಲ್ಲ. ಮೂಲೆಯಲ್ಲಿ ಕ್ಲೈವ್ ಹಾಡುತ್ತಿದ್ದ. ಅವನ ಒಂದು ತೋಳು ಕ್ಷೌರಿಕ ಲೆಸ್‌ನ ಹೆಗಲ ಮೇಲಿತ್ತು, ಇನ್ನೊಂದು ಅಭಿಮಾನಿ ಸಂಘದ ಕಾರ್ಯದರ್ಶಿ ಗಾರ್ಸೈಡ್‌ನ ಹೆಗಲ ಮೇಲೆ. ಇಬ್ಬರೂ ಅಪ್ಪನ ಶಾಲೆಯ ಗೆಳೆಯರು. ಗಾರ್ಸೈಡ್ ಈಗ ಅವನಿಗೆ ಫ್ಲಾಸ್ಕಿನಿಂದ ಸೂಪು ಬಗ್ಗಿಸಿ ಕೊಟ್ಟ, ಲೆಸ್ ಈಗ ನಗುತ್ತಿದ್ದಾನೆ ಎಂದು ಅಪ್ಪ ನನಗೆ ಪಿಸುಮಾತಿನಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದ. ಪಕ್ಕದವರು ಅಪ್ಪ ಎದುರಾಳಿಯ ರಕ್ಷಣಾ ವ್ಯೂಹವನ್ನು ಅಧ್ಯಯನ ಮಾಡುತ್ತಿದ್ದಾನೆಂದು ತಿಳಿದು ಗೌರವದಿಂದ ಜಾಗ ಬಿಟ್ಟರು.

ಎಂಬತ್ತಾರನೇ ನಿಮಿಷಕ್ಕೂ ಯಾರೂ ಗೋಲ್ ಹೊಡೆದಿರಲಿಲ್ಲ. ಆಗ ನಮ್ಮ ಎಡಬದಿಯ ರಕ್ಷಕನ ಮೊಣಕಾಲ ಕೆಳಗೆ ಚೆಂಡು ಬಂದು ಬಡಿಯಿತು. ಎರಡು ವರ್ಷದಿಂದ ಗೋಲ್ ಹೊಡೆಯದ, ಹೊಡೆಯುವ ಇರಾದೆಯೂ ಇಲ್ಲದ ಆಟಗಾರ ಅವನು. ಚೆಂಡು ಅವನನ್ನು ಕೇಳದೆಯೇ ಬಲೆಯೊಳಗೆ ಹೋಯಿತು.

ಐವತ್ತು ಸಾವಿರ ಜನ ಸುಮ್ಮನಾದರು. ಎದುರು ಮೂಲೆ ಮಾತ್ರ ಸ್ಫೋಟಿಸಿತು. ಇಪ್ಪತ್ತೇಳು ವರ್ಷ ಮಳೆಯಲ್ಲಿ ನಿಂತು ಕಾದ ಕೂಗು ಅಪ್ಪನ ಗಂಟಲಿಗೆ ಬಂದುಬಿಟ್ಟಿತ್ತು. ಅಪ್ಪ ಅಂಗೈ ಉದ್ದ ಸ್ಕಾರ್ಫನ್ನು ಬಾಯಿಗೆ ತುರುಕಿಕೊಂಡ. ಸಾಲಲಿಲ್ಲ. ಇನ್ನಷ್ಟು ತುರುಕಿದ. ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಮುಖ ಬೀಟ್‌ರೂಟ್ ಆಯಿತು, ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು, ಸ್ಕಾರ್ಫಿನೊಳಗಿಂದ ಕುದಿಯುವ ಕೆಟಲಿನ ಸಣ್ಣ ಸಿಳ್ಳು ಹೊರಟಿತು. ಹಿಂದಿನ ಸಾಲಿನ ಹೆಂಗಸು ಅಪ್ಪನ ಬೆನ್ನು ಸವರಿ ಕರವಸ್ತ್ರ ಕೊಟ್ಟಳು. ಇತ್ತ ಆಲ್ಬಿ ನಿಜವಾಗಿಯೇ ಅಳುತ್ತಿದ್ದ. ಅವನಿಗೆ ಯಾರೂ ಏನೂ ಕೊಡಲಿಲ್ಲ.

ಆಗ ಕ್ರೀಡಾಂಗಣದ ದೊಡ್ಡ ಪರದೆಯ ಮೇಲೆ ಅಪ್ಪ ಕಾಣಿಸಿಕೊಂಡ. ಮೂಗಿನವರೆಗೆ ಪಟ್ಟೆ ಸ್ಕಾರ್ಫು, ಮೇಲೆ ಉಣ್ಣೆ ಟೋಪಿ, ನಡುವೆ ಎರಡು ಅಳುವ ಕಣ್ಣು, ಎರಡಂತಸ್ತಿನ ಮನೆಯಷ್ಟು ಎತ್ತರಕ್ಕೆ. ನಾನು ಸೀಟಿನಿಂದ ಜಾರಿ ಕೆಳಗೆ ಕುಳಿತೆ.

ಪಂದ್ಯ ಹಾಗೇ ಮುಗಿಯಿತು. ಹಾರ್ಬೆಕ್ ಗೆದ್ದಿತು. ಆಮೇಲೆ ಆಲ್ಬಿಯ ಪಬ್ಬಿನಲ್ಲಿ ಅಪ್ಪ ತನ್ನ ಜೀವನದ ಅತ್ಯಂತ ಸುಖದ ಎರಡು ಗಂಟೆಗಳನ್ನು ಸಾಂತ್ವನ ಸ್ವೀಕರಿಸುತ್ತ ಕಳೆಯಬೇಕಾಯಿತು. ಗುರುತಿಲ್ಲದ ಗಂಡಸರು ಬಂದು ತಬ್ಬಿಕೊಂಡರು. ಒಬ್ಬ ಮುದುಕ ಅಪ್ಪನ ಎರಡೂ ಕೈ ಹಿಡಿದು, ನಿನ್ನಂಥವನು ಒಬ್ಬ ಇರುವವರೆಗೆ ಈ ಊರಿಗೆ ಭಯವಿಲ್ಲ ಎಂದ. ಅಪ್ಪನಿಗೆ ನಗು ಬಂದಾಗಲೆಲ್ಲ ಸ್ಕಾರ್ಫ್ ಕಚ್ಚುತ್ತಿದ್ದ, ಕಚ್ಚಿದಾಗಲೆಲ್ಲ ಇನ್ನೊಂದು ಗ್ಲಾಸು ಬರುತ್ತಿತ್ತು. ಮೂಲೆಯಲ್ಲಿ ಆಲ್ಬಿ ತನ್ನ ಗ್ಲಾಸಿನೊಳಗೆ ಮುಖ ಇಟ್ಟುಕೊಂಡಿದ್ದ.

"ನಲವತ್ತೊಂದು ವರ್ಷದಿಂದ ಅದೇ ಸೀಟಲ್ಲಿ ಅಳ್ತಾ ಇದೀನಿ," ಎಂದ ನನಗೆ. "ಒಂದು ಕ್ಯಾಮೆರಾನೂ ತಿರುಗಿ ನೋಡಿಲ್ಲ."

ಸೋಮವಾರ ಬೆಳಿಗ್ಗೆ ಪತ್ರಿಕೆಗಳು ಬಂದವು. 'ಒಂದು ನಗರದ ದುಃಖ' ಎಂಬ ತಲೆಬರಹದ ಕೆಳಗೆ ಅಪ್ಪನ ಕಣ್ಣುಗಳಿದ್ದವು. ದೇಶದ ಉಳಿದವರಿಗೆ ಅದು ಯಾರೋ ಅಭಿಮಾನಿ. ಹಾರ್ಬೆಕ್‌ನಲ್ಲಿ ಆ ಟೋಪಿಯನ್ನು ಗುರುತಿಸದ ನಾಯಿಯೂ ಇಲ್ಲ.

ಮಿಸೆಸ್ ಥ್ರೆಲ್ಫಾಲ್ ಪರದೆ ಎಳೆದುಕೊಂಡಳು. ಮುಚ್ಚಿದ ಪರದೆಯ ಅಂಚಿನಿಂದ ನೋಡುತ್ತಿರುವುದು ತಿಳಿಯಲೆಂದು ಅಂಚನ್ನು ಆಗಾಗ ಆಡಿಸಿದಳು. ಲೆಸ್ ಅಂಗಡಿಯ ಕನ್ನಡಿಗೆ ಪತ್ರಿಕೆ ಅಂಟಿಸಿ, ಅಪ್ಪನ ಸರದಿ ಬಂದಾಗ ಕತ್ತರಿಗೆ ಸಾಣೆ ಹಿಡಿಸಬೇಕಿದೆ ಎಂದ. ಪೈ ಅಂಗಡಿಯಾಕೆ ಪೈ ಕೊಟ್ಟಳು, ಅದರ ಮೇಲಿನ ಸಾರು ಕೊಡಲಿಲ್ಲ. ಅಪ್ಪ ಕೆಲಸ ಮಾಡುವ ಬಸ್ ಡಿಪೋದಲ್ಲಿ ಅವನ ಸ್ಪ್ಯಾನರುಗಳಿಗೆಲ್ಲ ಯಾರೋ ಕಪ್ಪು ಬಿಳಿ ಪಟ್ಟೆ ಬಳಿದಿದ್ದರು. ಭಾನುವಾರ ಪಾದ್ರಿಗಳು ಸಂತ ಪೇತ್ರನ ವಿಷಯ ಬೋಧಿಸಿದರು. ಬಾಗಿಲಲ್ಲಿ ಅಪ್ಪನ ಕೈ ಕುಲುಕಿ, ಪೇತ್ರ ತನ್ನ ಯೇಸುವನ್ನೇ ಮೂರು ಸಲ ಅಲ್ಲಗಳೆದಿದ್ದ, ನಿಮ್ಮದು ಒಂದೇ ಸಲ ಎಂದು ಧೈರ್ಯ ಹೇಳಿದರು.

ಎಲ್ಲಕ್ಕಿಂತ ಕಷ್ಟದ್ದು ಕ್ಲೈವ್‌ನ ಕ್ಷಮೆ. ಹಿತ್ತಲ ಗೋಡೆಯ ಮೇಲೆ ಮೊಣಕೈ ಊರಿ ಅವನು ನಿಧಾನವಾಗಿ ಕ್ಷಮಿಸಿದ. ನಿಷ್ಠೆ ಎಂಬುದು ಎಲ್ಲರಿಗೂ ಬರುವಂಥದ್ದಲ್ಲ, ತಾನು ತಪ್ಪು ತಿಳಿಯುವುದಿಲ್ಲ ಎಂದ. ಅಷ್ಟರಲ್ಲಿ ಯಾರೋ ಟಿಕೆಟ್ ಕಿಟಕಿಯ ಸೊನ್ನೆಯನ್ನೂ ನೆನಪಿಸಿಕೊಂಡಿದ್ದರು. ಇಪ್ಪತ್ತೇಳು ವರ್ಷ ಬಂದೆ ಅನ್ನುತ್ತಾನೆ, ಒಂದು ದಿನದ ದಾಖಲೆಯೂ ಇಲ್ಲವಂತೆ ಎಂದು ಪಬ್ಬು ಮಾತಾಡಿಕೊಂಡಿತು. ಪಕ್ಕದಲ್ಲೇ ನಿಂತು ನೋಡಿದವರಿಗೂ ಈಗ ಅನುಮಾನ ಬಂತು.

ಗುರುವಾರ ಗಾರ್ಸೈಡ್ ಮನೆಗೆ ಬಂದ. ಸೋಫಾದ ಅಂಚಿನಲ್ಲಿ, ಹೆಚ್ಚು ತಾಗದಂತೆ ಕುಳಿತ. ಮುಂದಿನ ಪಂದ್ಯದಿಂದ ಅಪ್ಪ ಸ್ವಲ್ಪ ದಿನ ಬೇರೆ ಕಡೆ, ಅಂದರೆ ಶೌಚಾಲಯದ ಗೋಡೆಯ ಹತ್ತಿರ ನಿಂತರೆ ಎಲ್ಲರಿಗೂ ಒಳ್ಳೆಯದೆಂದು ಸಂಘ ಭಾವಿಸಿದೆ ಎಂದ. ಮೂರನೇ ಮೆಟ್ಟಿಲಿನ ಜಾಗ ಏನಾಗುತ್ತದೆ ಎಂದು ಅಪ್ಪ ಕೇಳಿದ.

"ಕ್ಲೈವ್ ನೋಡ್ಕೊಳ್ತೀನಿ ಅಂದಿದಾನೆ."

ಅಪ್ಪ ಬಾಯಿ ತೆರೆದ. ಅದು ಸಂತೋಷದ ಕಣ್ಣೀರು ಎಂಬ ಒಂದು ಮಾತು ಸಾಕಿತ್ತು. ಆದರೆ ಆ ಮಾತು ಹಾರ್ಬೆಕ್‌ನಲ್ಲಿ ಹೊರಬಿದ್ದರೆ ಸಂಜೆಯೊಳಗೆ ಪತ್ರಿಕೆಗೆ ಹೋಗುತ್ತದೆ, ಮಾರನೇ ದಿನ ಆಲ್ಬಿಯ ಅಜ್ಜನ ಸೀಟುಗಳು ಹೋಗುತ್ತವೆ. ಅಪ್ಪ ಬಾಯಿ ಮುಚ್ಚಿದ. ಗಾರ್ಸೈಡ್ ಹೋದ ಮೇಲೆ ಅಮ್ಮ ಸಿಟ್ಟಿನಿಂದ, ನಿಜ ಹೇಳಬಾರದಾ, ಆ ಜಾಗ ಬಿಟ್ಟು ಬದುಕ್ತೀಯಾ ನೀನು ಎಂದಳು.

"ಮಾತು ಕೊಟ್ಟಿದೀನಿ, ಬೆರಿಲ್," ಎಂದ ಅಪ್ಪ. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಸೈಕಲ್ಲಿಗೆ ಗಾಳಿ ಹೊಡೆದ. ನಮ್ಮ ಮನೆಯ ಸೈಕಲ್ಲಿನ ಟೈರು ಹರಿದು ಮೂರು ವರ್ಷವಾಗಿತ್ತು.

ಎರಡು ವಾರ ಕಳೆದ ಮೇಲೆ ಆಲ್ಬಿಯ ಫೋನು ಬಂತು. ದನಿ ವಿನಿಗರ್‌ನಲ್ಲಿ ಅದ್ದಿ ತೆಗೆದಂತಿತ್ತು. ದೊಡ್ಡ ತಂಡದವರು ಸೀಟಿನ ಸಂಖ್ಯೆ ಹುಡುಕಿ ಪತ್ರ ಬರೆದಿದ್ದರು: ಬರುವ ಶನಿವಾರ ಆಲ್ಬಿಯೂ, ಅವನ ಪಕ್ಕ ಕುಳಿತು ಅತ್ತ ಮಹನೀಯರೂ ಊಟಕ್ಕೆ ಬರಬೇಕು. ಹಳೆಯ ಆಟಗಾರರ ಜೊತೆ ಮೇಜು, ಅಂಗಳದ ಮೇಲೆ ಒಂದು ಸುತ್ತು, ಎಲ್ಲರೂ ಸಹಿ ಮಾಡಿದ ಶರ್ಟು. ಆಲ್ಬಿ ಕಿರುಚಿ ಓದಿದ್ದರಿಂದ ಹಂಚಿಕೊಂಡ ಗೋಡೆಗೂ ಎಲ್ಲ ಕೇಳಿಸಿತು. ಹತ್ತು ನಿಮಿಷದೊಳಗೆ ಕ್ಲೈವ್ ಸಕ್ಕರೆ ಕೇಳಿಕೊಂಡು ಬಾಗಿಲಲ್ಲಿ ನಿಂತಿದ್ದ. ಅವನು ಸಕ್ಕರೆ ತಿನ್ನುವುದಿಲ್ಲ.

"ಎಲ್ಲರೂ ಸಹಿ ಮಾಡಿದ್ದಾ?" ಎಂದ.

ಅಪ್ಪ ಅವನ ಮುಖ ನೋಡಿದ. ಆ ಮುಖ ಅಪ್ಪನಿಗೆ ಚೆನ್ನಾಗಿ ಪರಿಚಯ. ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಕ್ಷೌರದ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದ.

"ನಾನೆಲ್ಲಿ ಹೋಗ್ಲಿ," ಎಂದ ಅಪ್ಪ. "ಶನಿವಾರ ನಮ್ಮ ಮ್ಯಾಚ್ ಇದೆ. ಬೇಕಾದ್ರೆ ನೀನು ಹೋಗು. ಟೋಪಿ ಕೊಡ್ತೀನಿ. ಸ್ಕಾರ್ಫ್ ಮೂಗಿನ ತನಕ ಎಳ್ಕೊಂಡ್ರೆ ಅಲ್ಲಿ ಯಾರಿಗೂ ಗೊತ್ತಾಗಲ್ಲ."

ಕ್ಲೈವ್ ಮೊದಲು ಇದು ತನಗೆ ಮಾಡುತ್ತಿರುವ ಅವಮಾನ ಎಂದ. ಆಮೇಲೆ, ಶನಿವಾರದ ಎದುರಾಳಿ ಅಂಕಪಟ್ಟಿಯ ಕೊನೆಯ ತಂಡವಲ್ಲವೇ, ಅದರಲ್ಲಿ ನೋಡುವುದೇನಿದೆ ಎಂದ. ಸಕ್ಕರೆಯ ಬಟ್ಟಲು ಕೈಗೆ ಬರುವ ಹೊತ್ತಿಗೆ, ಊಟದ ಮೊದಲು ಸೂಪೂ ಇರುತ್ತದಾ ಎಂದು ಕೇಳುತ್ತಿದ್ದ.

ಇದು ಅಪ್ಪ ಹೂಡಿದ ತಂತ್ರವೆಂದು ನಮ್ಮ ಬೀದಿ ಇವತ್ತಿಗೂ ನಂಬಿದೆ. ಅಪ್ಪನಿಗೆ ತಂತ್ರ ಹೂಡುವ ಬುದ್ಧಿ ಇದ್ದಿದ್ದರೆ ಆರು ವರ್ಷದ ಹಿಂದೆಯೇ ಕಾರ್ಡು ಮಾಡಿಸಿರುತ್ತಿದ್ದ.

ಶನಿವಾರ ಮಳೆಯೂ ಹಿಮವೂ ಬೆರೆತು ಅಡ್ಡಡ್ಡ ಸುರಿಯುತ್ತಿತ್ತು. ಅಪ್ಪ ನಾಣ್ಯ ಕೊಟ್ಟು ಒಳಗೆ ಹೋಗಿ ಶೌಚಾಲಯದ ಗೋಡೆಗೆ ಒರಗಿ ನಿಂತ. ನಾನೂ ಜೊತೆಗೆ ನಿಂತೆ. ಹೋಗುವವರು ಬರುವವರೆಲ್ಲ ಅಪ್ಪನ ಪಕ್ಕದಿಂದಲೇ ಹಾಯಬೇಕಿತ್ತು. ಯಾರೂ ಮಾತಾಡಿಸಲಿಲ್ಲ. ಮೂರನೇ ಮೆಟ್ಟಿಲಲ್ಲಿ ಕಂಬಿಯ ಹಿಂದೆ ಯಾರೂ ಇರಲಿಲ್ಲ. ಅರ್ಧ ಸಮಯದ ವಿರಾಮಕ್ಕೆ ಸ್ವಲ್ಪ ಮುಂಚೆ ಗಾರ್ಸೈಡ್ ಬಂದು, ಅಪ್ಪನ ಮುಖ ನೋಡದೆ, ಕ್ಲೈವ್ ಎಲ್ಲಿ ಗೊತ್ತಾ ಎಂದು ಕೇಳಿದ.

"ನ್ಯೂಕಾಸಲ್‌ಗೆ ಹೋಗಿದಾನೆ," ಎಂದ ಅಪ್ಪ. "ಅವರು ಊಟಕ್ಕೆ ಕರೆದಿದ್ರು ನನ್ನ. ಇವತ್ತು ಮ್ಯಾಚ್ ಇತ್ತಲ್ಲ, ನನಗಾಗಲ್ಲ ಅಂದೆ. ಅದಕ್ಕೆ ಅವನು ಹೋದ."

ಗಾರ್ಸೈಡ್ ಫೋನು ತೆಗೆದ. ದೊಡ್ಡ ತಂಡದವರು ಆಗಷ್ಟೇ ಫೋಟೋ ಹಾಕಿದ್ದರು. ಅಪ್ಪನ ಟೋಪಿ ತೊಟ್ಟ ಕ್ಲೈವ್ ಮೂಗಿನ ಕೆಳಗೆ ಸ್ಕಾರ್ಫ್ ಜಾರಿಸಿಕೊಂಡು ಊಟದ ಮೇಜಿನಲ್ಲಿ ಕುಳಿತಿದ್ದ. ಫೋಟೋದವರು ಕೇಳಿರಬೇಕು, ಒಂದಿಷ್ಟು ಅತ್ತೂ ಇದ್ದ. ಪಕ್ಕದಲ್ಲಿ ಆಲ್ಬಿ, ನಲವತ್ತೊಂದು ವರ್ಷದ ಕಣ್ಣೀರನ್ನು ಒಟ್ಟಿಗೆ ಹೊರತೆಗೆದು, ಕ್ಯಾಮೆರಾವನ್ನೇ ನೋಡುತ್ತ ಅಳುತ್ತಿದ್ದ. ಫೋನ್ ಲೆಸ್‌ನ ಕೈಗೆ ಹೋಯಿತು, ಅಲ್ಲಿಂದ ಪೈ ಅಂಗಡಿಯಾಕೆಯ ಕೈಗೆ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ. ಆಟ ನಡೆಯುತ್ತಿತ್ತು. ಯಾರೂ ನೋಡುತ್ತಿರಲಿಲ್ಲ. ಮೊದಲ ಸಾಲಿನ ಟಿಕೆಟ್ ಪಡೆದ ತೊಂಬತ್ತೆಂಟು ಅಂಕದವನು ಪಟ್ಟೆ ಸ್ಕಾರ್ಫಿನಲ್ಲಿ ಊಟ ಮಾಡುತ್ತಿದ್ದಾನೆ. ಸೊನ್ನೆಯವನು ಆ ಊಟ ಬಿಟ್ಟು, ಪಟ್ಟಿಯ ಕೊನೆಯ ತಂಡದ ಪಂದ್ಯ ನೋಡಲು, ಹಿಮದಲ್ಲಿ, ಶೌಚಾಲಯದ ಪಕ್ಕ ನಿಂತಿದ್ದಾನೆ. ನಮ್ಮೂರಿನವರು ನಿಧಾನಸ್ಥರು. ಲೆಕ್ಕ ಹಾಕಲು ವಿರಾಮದ ಹದಿನೈದು ನಿಮಿಷ ಪೂರ್ತಿ ಹಿಡಿಯಿತು.

ಆಮೇಲೆ ಗಾರ್ಸೈಡ್ ಮತ್ತೆ ಬಂದ.

"ಇಲ್ಲಿ ಗಾಳಿ ಜಾಸ್ತಿ, ವಿಲ್ಫ್," ಎಂದ. "ಅಲ್ಲಿ ಕಂಬಿ ಹತ್ರ ಬಾ. ಯಾರೂ ಇಲ್ಲ."

ಹಾರ್ಬೆಕ್ ಮೂರು ಗೋಲಿನಿಂದ ಸೋತಿತು. ಅಪ್ಪ ಒದ್ದೆ ಮೂಟೆಯಾಗಿ, ಸಿಳ್ಳು ಹಾಕುತ್ತ ಮನೆಗೆ ಬಂದ. ಮಿಸೆಸ್ ಥ್ರೆಲ್ಫಾಲ್‌ಳ ಪರದೆ ನಮ್ಮ ಕಡೆ ತೆರೆದಿತ್ತು, ಕ್ಲೈವ್‌ನ ಮನೆಯ ಕಡೆಯದು ಮುಚ್ಚಿತ್ತು. ಅಮ್ಮ ಬಿಸಿ ಚಹಾ ತಂದಿಟ್ಟು, ಈಗಲಾದರೂ ಸಮಾಧಾನವಾಯಿತಾ ಎಂದು ಕೇಳಿದಳು. ಆಯಿತು ಎಂದ ಅಪ್ಪ. ಗೆದ್ದ ಮನುಷ್ಯನ ಹಾಗೆ ಕಾಲು ಚಾಚಿ ಕುಳಿತ. ಆಮೇಲೆ ಕನ್ನಡಕ ಹಾಕಿಕೊಂಡು ನನ್ನ ಪಕ್ಕಕ್ಕೆ ಸರಿದು, ಆ ಫೋಟೋ ಇನ್ನೊಮ್ಮೆ ತೆಗೆ ಎಂದ.

ತೆಗೆದೆ. ಅಪ್ಪ ಕ್ಲೈವ್‌ನ ಮುಖವನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿ ತಟ್ಟೆಯನ್ನು ನಡುವಿಗೆ ತಂದ. ಬಹಳ ಹೊತ್ತು ನೋಡಿದ. ಅವನ ಕಾಲುಗಳು ನಿಧಾನವಾಗಿ ಒಳಗೆ ಮಡಚಿಕೊಂಡವು.

"ದೊಡ್ಡದು ಮಾಡು ಮಗಾ," ಎಂದ. "ಅದು ಕುರಿಮಾಂಸಾನಾ?"